ತಾತನ ಮಚ್ಚನ್ನು ಓದುವ ಬಗೆ

ಪ್ರಶ್ನೆ: ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ಮಚ್ಚಿದೆ. ಆಯುಧಪೂಜೆಯ ದಿನ ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಅಟ್ಟಕ್ಕೆ ಸೇರಿಸುತ್ತೇವೆ. ಅಂಗಡಿಯಿಂದ ತಂದ ಮಚ್ಚುಗಳು ವರ್ಷದೊಳಗೆ ಮೊಂಡಾಗುತ್ತವೆ. ಇದು ಮಾತ್ರ ಈಗಲೂ ಹರಿತ. ಇದನ್ನು ಯಾವ ಕಬ್ಬಿಣದಿಂದ, ಹೇಗೆ ಮಾಡಿದರು ಎಂದು ಈಗಿನ ಇಂಜಿನಿಯರಿಂಗ್ ವಿಧಾನಗಳಿಂದ ತಿಳಿಯಬಹುದೇ? ತುಂಡು ಮಾಡದೆ ತಿಳಿಯಲು ಸಾಧ್ಯವೇ?
ಓದುಗರೊಬ್ಬರು, ಹನೂರು

ಉತ್ತರ: ತಿಳಿಯಬಹುದು. ಬಹಳಷ್ಟನ್ನು ತುಂಡು ಮಾಡದೆಯೇ ತಿಳಿಯಬಹುದು. ಆದರೆ ಮೊದಲು ಒಂದು ಕೋರಿಕೆ: ಈ ವರ್ಷ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಶುರುಮಾಡುವುದು ಒಳ್ಳೆಯದು. ಓದು ಮುಗಿಸಿದ ಹೊಸದರಲ್ಲಿ ಸೋದರಮಾವನ ಮನೆಯ ಹಳೆಯ ಕತ್ತಿಯೊಂದನ್ನು ಸಾಣೆ ಹಿಡಿದುಕೊಡುತ್ತೇನೆಂದು ತಂದು, ಮೋಟಾರಿನ ಸಾಣೆಚಕ್ರಕ್ಕೆ ಒತ್ತಿದೆ. ಕಿಡಿ ಹಾರಿತು. ಅಲಗಿನ ಅಂಚು ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದಿಗೆ, ಆಮೇಲೆ ನವಿಲಿನ ಕತ್ತಿನ ನೀಲಿಗೆ ತಿರುಗಿತು. ನೋಡಲು ಚೆಂದವಾಗಿಯೇ ಇತ್ತು. ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬಂದರೆ ಅಲ್ಲಿನ ಶಾಖ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಬಂದರೆ 300ರ ಹತ್ತಿರ. ಐವತ್ತು ಅರವತ್ತು ವರ್ಷದಿಂದ ಆ ಅಂಚು ಉಳಿಸಿಕೊಂಡಿದ್ದ ಹದ ಒಂದು ನಿಮಿಷದಲ್ಲಿ ಇಳಿದುಹೋಯಿತು. ಮಾವ ಬೈಯಲಿಲ್ಲ. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಸುಟ್ಟುಬಿಟ್ಟೆಯಲ್ಲ ಮಗ’ ಎಂದಷ್ಟೇ ಹೇಳಿದರು. ಅವರು ಮೆಟಲರ್ಜಿ ಓದಿದವರಲ್ಲ. ಆ ನೀಲಿಯ ಅರ್ಥ ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು.

ಆ ದಿನ ಕಲಿತದ್ದರ ಮೇಲೆಯೇ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ. ಕಬ್ಬಿಣ ತಾನು ಕಂಡ ಬೆಂಕಿಯ ಗುರುತನ್ನು ಮೈಯೊಳಗೆ ಇಟ್ಟುಕೊಂಡಿರುತ್ತದೆ. ಎಷ್ಟು ಕಾಯಿತು, ಎಷ್ಟು ಬೇಗ ಆರಿತು, ಯಾವ ದಿಕ್ಕಿನಿಂದ ಸುತ್ತಿಗೆ ಬಿತ್ತು, ಇದ್ದಿಲಿನಿಂದ ಎಷ್ಟು ಇಂಗಾಲ ಹೀರಿಕೊಂಡಿತು, ಎಲ್ಲವೂ ಅದರ ಹರಳುಗಳ ಜೋಡಣೆಯಲ್ಲಿದೆ. ಈಗಿನ ವಿಧಾನಗಳೆಲ್ಲ ಆ ಗುರುತನ್ನು ಓದುವ ಬೇರೆ ಬೇರೆ ದಾರಿಗಳು.

ನಿಮ್ಮ ಊರ ಕಡೆಯ ರೈತರ ಬಾಯಲ್ಲಿ ಒಂದು ಮಾತಿದೆ: ‘ಕೊಡಲಿಗೆ ಉಕ್ಕು ಹಾಕಿಸಬೇಕು’. ಕೊಡಲಿಯ ಮೈ ಕಬ್ಬಿಣದ್ದೇ ಆಗಿರುವಾಗ ಅದಕ್ಕೆ ಉಕ್ಕು ಹಾಕುವುದೆಂದರೇನು? ಮೈಗೆ ಮೆದು ಕಬ್ಬಿಣ ಸಾಕು. ಅದು ಏಟು ತಡೆಯುತ್ತದೆ, ಬಾಗುತ್ತದೆ, ಮುರಿಯುವುದಿಲ್ಲ. ಕಡಿಯುವ ಬಾಯಿಗೆ ಮಾತ್ರ ಗಟ್ಟಿ ಉಕ್ಕು ಬೇಕು. ಉಕ್ಕು ದುಬಾರಿ, ಬಿರುಸು. ಆದ್ದರಿಂದ ಆಚಾರಿ ಕಬ್ಬಿಣದ ಬಾಯನ್ನು ಸೀಳಿ, ನಡುವೆ ಉಕ್ಕಿನ ತೆಳು ಪಟ್ಟಿಯನ್ನು ಇಟ್ಟು, ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಮರಳು ಎರಚಿ ಬಡಿದು ಒಂದು ಮಾಡುತ್ತಾನೆ. ಮರಳು ಏಕೆಂದರೆ, ಕಾದ ಕಬ್ಬಿಣದ ಮೇಲೆ ಕಟ್ಟುವ ಹೊಟ್ಟನ್ನು ಅದು ಕರಗಿಸಿ ಕಿಟ್ಟವಾಗಿ ಹೊರಕ್ಕೆ ಚಿಮ್ಮಿಸುತ್ತದೆ. ಶುದ್ಧ ಲೋಹಕ್ಕೆ ಶುದ್ಧ ಲೋಹ ತಗುಲಿದರೇ ಬೆಸುಗೆ ಕೂಡುವುದು.

ಕೊಳ್ಳೇಗಾಲದ ಕಡೆಯ ಒಂದು ಕುಲುಮೆಯ ಗುಜರಿ ರಾಶಿಯಿಂದ ಕೇಳಿ ತಂದಿದ್ದ ಮುರಿದ ಕೊಡಲಿಯ ಚೂರೊಂದರಲ್ಲಿ ಈ ಬೆಸುಗೆಯನ್ನು ಕಣ್ಣಾರೆ ನೋಡಿದ್ದೇನೆ. ಚೂರನ್ನು ಬೇಕಲೈಟ್ ಬಿಲ್ಲೆಯಲ್ಲಿ ಕೂರಿಸಿ, ಒರಟಿನಿಂದ ನಯದವರೆಗೆ ಒಂದಾದ ಮೇಲೊಂದು ಎಮರಿ ಕಾಗದದಲ್ಲಿ ಉಜ್ಜಿ, ಕೊನೆಗೆ ವಜ್ರದ ಪೇಸ್ಟ್ ಹಚ್ಚಿದ ಬಟ್ಟೆಯ ಮೇಲೆ ತಿಕ್ಕಿದಾಗ ಅದು ಕನ್ನಡಿಯಾಯಿತು. ಆಗ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ, ಬರೀ ಬೆಳಕು. ಆಲ್ಕೋಹಾಲಿನಲ್ಲಿ ನೂರಕ್ಕೆ ಎರಡರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣಕ್ಕೆ ನೈಟಲ್ ಎನ್ನುತ್ತಾರೆ. ಅದನ್ನು ಹತ್ತಿಯಲ್ಲಿ ಅದ್ದಿ ಐದಾರು ಸೆಕೆಂಡು ಸವರಿದರೆ ಕನ್ನಡಿ ಮಂಕಾಗುತ್ತದೆ, ಚಿತ್ರ ಮೂಡುತ್ತದೆ. ಎರಡೂ ಪಕ್ಕದಲ್ಲಿ ಬಿಳಿ ಹರಳುಗಳು, ಹರಳಿಂದ ಹರಳಿಗೆ ತೆಳು ಗೆರೆ: ಅದು ಇಂಗಾಲವಿಲ್ಲದ ಮೆದು ಕಬ್ಬಿಣ, ಫೆರೈಟ್. ನಡುವೆ ಕಪ್ಪು ಪಟ್ಟಿ: ಅದೇ ಹಾಕಿಸಿದ ಉಕ್ಕು. ಎರಡೂ ಕೂಡುವಲ್ಲಿ ಕೂದಲೆಳೆಯ ಬಿಳಿ ಗೆರೆ. ಬೆಸುಗೆಯ ಕಾವಿಗೆ ಮೇಲ್ಮೈಯ ಇಂಗಾಲ ಉರಿದುಹೋದ ಜಾಗ ಅದು. ಮೈಯುದ್ದಕ್ಕೂ ಬೂದು ಬಣ್ಣದ ಉದ್ದುದ್ದ ಚುಕ್ಕೆಗಳು, ಎಲ್ಲವೂ ಒಂದೇ ದಿಕ್ಕಿಗೆ ಮಲಗಿವೆ. ಅವು ಕಿಟ್ಟದ ಚೂರುಗಳು. ಸುತ್ತಿಗೆ ಲೋಹವನ್ನು ಯಾವ ಕಡೆಗೆ ಎಳೆಯಿತೋ ಆ ಕಡೆಗೆ ಅವೂ ಎಳೆದುಕೊಂಡಿವೆ. ಹೆಸರೇ ಉಳಿಯದ ಒಬ್ಬ ಆಚಾರಿಯ ತೋಳು ಯಾವ ಕಡೆಯಿಂದ ಬೀಸಿತ್ತು ಎಂಬುದು ಕಣ್ಣೆದುರಿಗಿತ್ತು. ಬಹಳ ಹೊತ್ತು ನಾನು ಅದರಿಂದ ಕಣ್ಣು ಕೀಳಲಿಲ್ಲ.

ಈ ಕಿಟ್ಟದ ಚುಕ್ಕೆಗಳು ಇನ್ನೂ ದೊಡ್ಡ ಸಂಗತಿಯೊಂದನ್ನು ಹೇಳುತ್ತವೆ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ತಿದಿ ಒತ್ತಿ ಇದ್ದಿಲು ಉರಿಸುವ ಹಳ್ಳಿಯ ಮಣ್ಣಿನ ಒಲೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅದಿರು ಕರಗದೆಯೇ ಕಬ್ಬಿಣವಾಗಿ, ಸ್ಪಂಜಿನಂಥ ಮುದ್ದೆಯಾಗಿ ಹೊರಬರುತ್ತಿತ್ತು. ಕಿಟ್ಟವನ್ನು ಬಡಿಬಡಿದು ಹಿಂಡಿದರೂ ಒಂದಿಷ್ಟು ಒಳಗೇ ಉಳಿಯುತ್ತಿತ್ತು. ಹಾಗಾಗಿ ಕಿಟ್ಟದ ಗೆರೆಗಳಿದ್ದರೆ ಅದು ಮುದ್ದೆ ಕಬ್ಬಿಣವಿರಬಹುದು. ಇಂಗಾಲ ಹೆಚ್ಚಿದ್ದು, ಕಿಟ್ಟವೇ ಇಲ್ಲದೆ ಶುಭ್ರವಾಗಿದ್ದರೆ, ಆ ಲೋಹ ಒಮ್ಮೆ ಪೂರ್ತಿ ಕರಗಿ ನೀರಾಗಿತ್ತು ಎಂದರ್ಥ. ಇಂಗಾಲ ಬೆರೆತಷ್ಟೂ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತದೆ. ಈ ಗುಟ್ಟು ತಿಳಿದಿದ್ದ ನಮ್ಮ ನಾಡಿನವರು ಮುಚ್ಚಿದ ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನು ಕರಗಿಸಿದರು. ಅದೇ ಲೋಕ ಬಲ್ಲ ಮೂಸೆ ಉಕ್ಕು. ಇಂಗ್ಲಿಷಿನ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹೋದದ್ದು ಎಂದು ವಿದ್ವಾಂಸರು ಹೇಳುತ್ತಾರೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಕೊಳ್ಳೇಗಾಲದ ಮೇಲೆ ಹಾದು ಕಾವೇರಿಪುರದ ಘಟ್ಟ ಇಳಿದವನು ಅವನು. ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಅವನು ಕಂಡ ಉಕ್ಕಿನ ಕೆಲಸದ ವಿವರ ಈಗ ಓದಿದರೂ ಮೈ ನವಿರೇಳುತ್ತದೆ. ಮೂಸೆಯೊಳಗೆ ಕಬ್ಬಿಣದ ಒಂದು ಸಣ್ಣ ತುಂಡು, ಅದರೊಡನೆ ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಬಳ್ಳಿಯೊಂದರ ಎರಡು ಹಸಿ ಎಲೆ. ಮೇಲೆ ಮಣ್ಣಿನ ಮುಚ್ಚಳ. ನಿಮ್ಮೂರಿನ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಅದೇ ತಂಗಡಿ. ಕಡ್ಡಿ ಮತ್ತು ಎಲೆ ಮೂಸೆಯೊಳಗೆ ಇದ್ದಿಲಾಗಿ ಕಬ್ಬಿಣಕ್ಕೆ ಇಂಗಾಲ ಕೊಡುತ್ತವೆ. ಎಷ್ಟು ತೂಕದ ಕಬ್ಬಿಣಕ್ಕೆ ಎಷ್ಟು ಕಡ್ಡಿ ಎಂಬ ಅಳತೆ ತಪ್ಪಿದರೆ ಒಂದೋ ಮೆದು ಉಳಿಯುತ್ತದೆ, ಇಲ್ಲವೇ ಬಡಿದರೆ ಒಡೆಯುವ ಬೀಡಾಗುತ್ತದೆ. ಅವರ ಕೈಗೆ ಆ ಅಳತೆ ಸಿದ್ಧಿಸಿತ್ತು.

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಒಡಕಲು ರಾಶಿರಾಶಿಯಾಗಿ ಸಿಕ್ಕಿದೆ. ಕತ್ತಿ ಯಾರ ಪಾಲಾಯಿತೋ, ಮೂಸೆ ಮಾತ್ರ ಅಲ್ಲೇ ಉಳಿಯಿತು. ಅದರ ಗೋಡೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿದ್ದು ಕಾಣುತ್ತದೆ. ಹೊಟ್ಟು ಸುಟ್ಟ ಮೇಲೂ ಅದರ ಮರಳಿನಂಶದ ಅಸ್ಥಿಪಂಜರ ಮಣ್ಣನ್ನು ಹಿಡಿದು ನಿಲ್ಲಿಸಿದೆ. ಮೂಸೆಯ ಒಳಮೈಯಲ್ಲಿ ಗಾಜಿನಂಥ ಒಂದು ಏಣು, ಕರಗಿದ ಉಕ್ಕು ಎಲ್ಲಿಯವರೆಗೆ ನಿಂತಿತ್ತು ಎಂಬುದರ ಗುರುತು. ಆ ಗಾಜಿನಲ್ಲಿ ಸಿಕ್ಕಿಕೊಂಡ ಸಾಸಿವೆಗಿಂತ ಸಣ್ಣ ಲೋಹದ ಹನಿಗಳಲ್ಲಿ ಆ ದಿನದ ಉಕ್ಕಿನ ಮಾದರಿ ಹಾಗೇ ಇದೆ. ಈ ವಿಷಯವನ್ನು ದಶಕಗಳ ಕಾಲ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಮುಖ್ಯರು. ಮೂಸೆ ಉಕ್ಕಿನ ಬಗ್ಗೆ ಅವರಿಬ್ಬರೂ ಸೇರಿ ಪುಸ್ತಕವನ್ನೇ ಬರೆದಿದ್ದಾರೆ.

ಯುರೋಪಿನವರು ಇದರ ಹಿಂದೆ ಬಿದ್ದದ್ದು ಇನ್ನೂ ಮೊದಲು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವೂಟ್ಜ್ ಕುರಿತು ಪ್ರಬಂಧ ಓದಿದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅಲ್ಯೂಮಿನಾ ಮತ್ತು ಸಿಲಿಕಾ ಬೆರೆತದ್ದೇ ಅದರ ಗುಣಕ್ಕೆ ಕಾರಣ ಎಂದುಕೊಂಡ. ಅದು ತಪ್ಪಾಗಿತ್ತು. ಫ್ಯಾರಡೆ ಸ್ವತಃ ಕಮ್ಮಾರನೊಬ್ಬನ ಮಗ. ಆ ತಪ್ಪು ದಾರಿಯಲ್ಲೇ ನಡೆದು, ಉಕ್ಕಿಗೆ ಬೇರೆ ಲೋಹ ಬೆರೆಸಿ ನೋಡುವ ಹೊಸ ಕೆಲಸಕ್ಕೆ ಅವನು ಕೈಹಾಕಿದ. ನಮ್ಮ ಮೂಸೆಯ ಗಟ್ಟಿಯೊಂದು ಅಲ್ಲಿನ ವಿಜ್ಞಾನವನ್ನು ಹೀಗೆ ಮುಂದಕ್ಕೆ ತಳ್ಳಿತು.

ಈ ಮೂಸೆ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಕತ್ತಿಗಳ ಅಲಗಿನ ಮೇಲೆ ನೀರಲೆಯಂತೆ ಕಾಣುವ ಗೆರೆ ಹೇಗೆ ಬಂತು ಎಂಬ ಗಂಟು ಬಿಡಿಸಲು ಇನ್ನೂ ಬಹುಕಾಲ ಹಿಡಿಯಿತು. ಅಮೆರಿಕದ ಐಯೋವಾದ ಪ್ರಾಧ್ಯಾಪಕ ಜಾನ್ ವೆರ್‌ಹೋವೆನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಯಾಗಿ ವರ್ಷಗಟ್ಟಲೆ ಉಕ್ಕು ಕರಗಿಸಿ, ಬಡಿದು, ಕೊಯ್ದು ನೋಡಿದರು. 1998ರಲ್ಲಿ ಅವರು ಹೇಳಿದ್ದು ಇದು: ಅದಿರಿನಲ್ಲಿ ತಾನಾಗಿ ಇದ್ದ ವನೇಡಿಯಂನಂಥ ಧಾತು, ಹತ್ತು ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಸಾಕು, ಮತ್ತೆ ಮತ್ತೆ ಕಾಯಿಸಿ ಬಡಿದಾಗ ಗಟ್ಟಿ ಕಾರ್ಬೈಡ್ ಕಣಗಳನ್ನು ಸಾಲುಗಟ್ಟಿ ನಿಲ್ಲಿಸುತ್ತದೆ. ಆ ಸಾಲುಗಳೇ ನೀರಲೆ. ಈ ಧಾತುವಿಲ್ಲದ ಅದಿರು ಬಂದರೆ, ಅದೇ ಕೈ ಅದೇ ಕೆಲಸ ಮಾಡಿದರೂ ಅಲೆ ಏಳುವುದಿಲ್ಲ. ವಿದ್ಯೆ ಕಣ್ಮರೆಯಾದದ್ದಕ್ಕೆ ಅದಿರು ಬದಲಾದದ್ದೂ ಒಂದು ಕಾರಣವಿರಬಹುದು ಎಂದು ಅವರ ಊಹೆ. ಪ್ರಾಧ್ಯಾಪಕರೂ ಕಮ್ಮಾರರೂ ಒಂದೇ ಮೇಜಿಗೆ ಕೂತದ್ದರಿಂದಲೇ ಇದು ಸಾಧ್ಯವಾಯಿತು ಎಂದು ನಾನು ನಂಬಿದ್ದೇನೆ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಇಂಥ ಕತ್ತಿಯೊಂದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡಿತು. ‘ನಮ್ಮ ಪೂರ್ವಿಕರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು’ ಎಂಬ ಮಾತು ಅಂದಿನಿಂದ ಓಡಾಡುತ್ತಿದೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಬೆಂಕಿಯ ಬಣ್ಣ, ತಂಗಡಿಯ ತೂಕ, ಸುತ್ತಿಗೆ ಬಿದ್ದಾಗ ಲೋಹ ಕೊಡುವ ಸದ್ದು. ಅದು ದೊಡ್ಡ ವಿದ್ಯೆ. ಅದಕ್ಕೆ ಈಗಿನ ಹೆಸರಿನ ಪಟ್ಟ ಕಟ್ಟಿದರೆ, ಅವರು ನಿಜವಾಗಿ ಬಲ್ಲದ್ದೇ ಮರೆಗೆ ಸರಿಯುತ್ತದೆ.

ಇನ್ನು ನಿಮ್ಮ ಮನೆ ಬಾಗಿಲಿಗೇ ಬರೋಣ. ಹನೂರಿನಿಂದ ಮಾದಪ್ಪನ ಬೆಟ್ಟ ಹತ್ತಿ, ಇಳಿದು, ಪಾಲಾರ್ ದಾಟಿದರೆ ಮೆಟ್ಟೂರು. ಅದರ ಹತ್ತಿರ ಸೇಲಂ ಜಿಲ್ಲೆಯ ತೆಲುಂಗನೂರಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಯೊಂದರಿಂದ ಇಬ್ಬಾಯಿಯ ಖಡ್ಗ ಸಿಕ್ಕಿತು. ಕೊರಿಯಾದ ಲೋಹತಜ್ಞ ಪಾರ್ಕ್ ಜಾಂಗ್ ಸಿಕ್, ಪುರಾತತ್ವಜ್ಞ ಕೆ. ರಾಜನ್ ಮತ್ತು ಜೊತೆಗಾರರು ಅದರ ಸಣ್ಣ ಚೂರನ್ನು ಪರೀಕ್ಷಿಸಿದಾಗ ಅದು ಹೆಚ್ಚು ಇಂಗಾಲದ ಉಕ್ಕು ಎಂದು ತಿಳಿಯಿತು. ತಮಿಳುನಾಡಿನ ಪುರಾತತ್ವ ಇಲಾಖೆ 2025ರ ಜನವರಿಯಲ್ಲಿ ಹೊರತಂದ ವರದಿ ಆ ಉಕ್ಕನ್ನು ಕ್ರಿ.ಪೂ. 15ರಿಂದ 13ನೇ ಶತಮಾನಕ್ಕೆ ಸೇರಿಸಿದೆ. ಕಬ್ಬಿಣಕ್ಕೆ ವಯಸ್ಸು ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಉಕ್ಕಿನೊಳಗಿನ ಇಂಗಾಲ ಬಂದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಆ ಕಾಲದಲ್ಲಿ ಬದುಕಿದ್ದ ಮರದಿಂದ. ಮರ ಸತ್ತ ದಿನದಿಂದ ಅದರ ಇಂಗಾಲ-14 ಕರಗುತ್ತಾ ಬರುತ್ತದೆ. ಆದ್ದರಿಂದ ಉಕ್ಕಿನಿಂದಲೇ ಇಂಗಾಲ ಹೊರತೆಗೆದು ಎಣಿಸಿದರೆ ಕಾಲ ಸಿಗುತ್ತದೆ. ಕಲ್ಲಿದ್ದಲಿನಲ್ಲಿ ಮಾಡಿದ ಉಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ, ಅದರ ಇಂಗಾಲ ಕೋಟಿಗಟ್ಟಲೆ ವರ್ಷ ಹಳೆಯದು. ತೆಲುಂಗನೂರು ಬೇರೆ ರಾಜ್ಯದ್ದಲ್ಲವೇ ಎನ್ನಬೇಡಿ: 1956ರವರೆಗೆ ನಿಮ್ಮ ಕಡೆಯ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಕಾಡಿನ ಆಚೆ ಈಚೆ ಕಬ್ಬಿಣದ ಕೆಲಸಕ್ಕೆ ಗಡಿಯೇ ಇರಲಿಲ್ಲ.

ನಿಮ್ಮ ಮಚ್ಚನ್ನು ಅದರ ಮೈಗೆ ನೋವಾಗದಂತೆ ನೋಡುವುದಾದರೆ, ಮೊದಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇದೆ: ಎಕ್ಸ್-ಕಿರಣ ಬೀರಿ ಲೋಹದಲ್ಲಿರುವ ಧಾತುಗಳನ್ನು ಗುರುತಿಸುವುದು ಅದರ ಕೆಲಸ. ಬಂಗಾರದ ಅಂಗಡಿಯಲ್ಲಿ ಚಿನ್ನದ ಶುದ್ಧತೆ ನೋಡುವುದೂ ಇದೇ ತತ್ವದಲ್ಲಿ. ಅದು ಇಂಗಾಲವನ್ನು ಕಾಣಲಾರದು, ಆದರೆ ಮ್ಯಾಂಗನೀಸ್, ಕ್ರೋಮಿಯಂ ಹೇಳಿಬಿಡುತ್ತದೆ. ನಿಮಗೆ ಅದೇ ಮುಖ್ಯ. ಕಾರ್ಖಾನೆಯ ಉಕ್ಕಿನಲ್ಲಿ ಬೇಕೆಂದೇ ಮ್ಯಾಂಗನೀಸ್ ಬೆರೆಸಿರುತ್ತಾರೆ, ಹಳೆಯ ಇದ್ದಿಲು ಕಬ್ಬಿಣದಲ್ಲಿ ಸಾಮಾನ್ಯವಾಗಿ ಅದು ಅತ್ಯಲ್ಪ. ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಮಚ್ಚಾದರೆ ಸಿಲಿಕಾನ್ ಅಥವಾ ಕ್ರೋಮಿಯಂ ಕೂಡ ಎದ್ದು ತೋರುತ್ತದೆ. ಎರಡನೆಯದು ರೆಪ್ಲಿಕಾ. ಉಗುರಿನಗಲ ಜಾಗವನ್ನು ಮಾತ್ರ ನುಣುಪು ಮಾಡಿ, ನೈಟಲ್ ಸವರಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಒತ್ತಿ ಅಚ್ಚು ತೆಗೆದು, ಆ ಅಚ್ಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವಿದ್ಯುತ್ ಸ್ಥಾವರಗಳ ಬಾಯ್ಲರ್ ಕೊಳವೆಗಳ ಆಯಸ್ಸು ಅಳೆಯಲು ಇಂಜಿನಿಯರುಗಳು ದಿನವೂ ಮಾಡುವ ಕೆಲಸವಿದು. ಜೊತೆಗೆ ವಿಕರ್ಸ್ ಗಡಸುತನ: ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಮೊನೆ ಒತ್ತಿ ಗುಳಿಯನ್ನು ಅಳೆಯುವುದು. ಮೆದು ಕಬ್ಬಿಣ 100ರ ಆಸುಪಾಸು ತೋರಿದರೆ, ಚೆನ್ನಾಗಿ ಹದ ಕೊಟ್ಟ ಉಕ್ಕಿನ ಬಾಯಿ 600 ದಾಟುತ್ತದೆ. ನಿಮ್ಮ ಮಚ್ಚಿನ ಬಾಯಿಂದ ಬೆನ್ನಿನವರೆಗೆ ಸಾಲಾಗಿ ಅಳೆದರೆ, ಎಲ್ಲಿವರೆಗೆ ಉಕ್ಕು, ಎಲ್ಲಿವರೆಗೆ ನೀರು ಕುಡಿಸಿದ್ದರು, ಅಂದರೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿಮಾಡಿದ್ದರು, ಎಂಬ ನಕ್ಷೆಯೇ ಬರುತ್ತದೆ.

ನ್ಯೂಟ್ರಾನ್ ವಿಧಾನ ಇವೆಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ. ನ್ಯೂಟ್ರಾನ್ ಕಿರಣ ಉಕ್ಕಿನೊಳಗೆ ಸೆಂಟಿಮೀಟರುಗಟ್ಟಲೆ ಇಳಿದು, ಒಂದು ಗೀರೂ ಬೀಳದಂತೆ ಒಳಗಿನ ಹರಳುಗಳ ಲೆಕ್ಕ ತರುತ್ತದೆ. ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿರುವ ಭಾರತದ ಖಡ್ಗವೊಂದನ್ನು ಇಟಲಿ ಮತ್ತು ಬ್ರಿಟನ್ನಿನ ಸಂಶೋಧಕರು ಹೀಗೆ ಓದಿ, ಹಳೆಯ ಸೂಕ್ಷ್ಮದರ್ಶಕದ ಓದಿನೊಡನೆ ಹೋಲಿಸಿ ನೋಡಿದ್ದಾರೆ. ಮನೆಯ ಮಚ್ಚಿಗೆ ಅಷ್ಟು ದೂರ ಹೋಗಬೇಕಿಲ್ಲ. ಮೆಟಲರ್ಜಿ ಅಥವಾ ಮೆಕ್ಯಾನಿಕಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯ ಮನಸ್ಸು ಮಾಡಿದರೆ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ನಿರಾಸೆಯಾಗಬಾರದು. ತಾತನ ಕಾಲದ ಮಚ್ಚು ಮೂಸೆ ಉಕ್ಕಿನದಾಗಿರುವ ಸಾಧ್ಯತೆ ಕಡಿಮೆ. ಆ ಹೊತ್ತಿಗೆ ಕಾರ್ಖಾನೆಯ ಕಬ್ಬಿಣ ಹಳ್ಳಿಗೆ ಬಂದಾಗಿತ್ತು. ಹಳೆಯ ಗಾಡಿಚಕ್ರದ ಪಟ್ಟಿ, ಸವೆದ ಅರ, ಲಾರಿಯ ಪಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಆಚಾರಿಗಳು ಬಳಸಿದರು. ಕಬ್ಬಿಣ ನಿಮ್ಮ ಸೀಮೆಯಲ್ಲಿ ಎಷ್ಟು ಬೆಲೆಬಾಳುತ್ತಿತ್ತು ಎಂಬುದು ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಗೊತ್ತು. ಆ ಜಾತ್ರೆಯ ದೈವ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಬಳಿಗೆ ಹೋದದ್ದು ಕಬ್ಬಿಣದ ಭಿಕ್ಷೆಗೆ. ಅನ್ನವಲ್ಲ, ಹೊನ್ನಲ್ಲ, ಕಬ್ಬಿಣ. ಕೊಡಲೊಲ್ಲದ ಅವರು ಒಡ್ಡಿದ ಪರೀಕ್ಷೆಗಳನ್ನು ನೀಲಗಾರರೆಂಬ ಗಾಯಕರು ರಾತ್ರಿಯಿಡೀ ಹಾಡುತ್ತಾರೆ. ಬೇಡಿ ತರಬೇಕಾದ ವಸ್ತುವನ್ನು ಯಾರೂ ಬಿಸಾಡುವುದಿಲ್ಲ. ಮುರಿದ ಕುಳ ಕುಡುಗೋಲಾಯಿತು, ಸವೆದ ಕುಡುಗೋಲು ಮಚ್ಚಿನ ಹೊಟ್ಟೆ ಸೇರಿತು. ನಿಮ್ಮ ಮಚ್ಚಿನ ಮೈಯಲ್ಲಿ ಮೂರು ತಲೆಮಾರಿನ ಕಬ್ಬಿಣ ಒಂದರ ಮೇಲೊಂದು ಮಲಗಿರಬಹುದು. ಅದು ಕಂಡರೆ ನನ್ನ ಮಟ್ಟಿಗೆ ಮೂಸೆ ಉಕ್ಕು ಸಿಕ್ಕಿದಷ್ಟೇ ಸಂತೋಷ. ಅಂಚು ಬಾಳಿದ್ದಕ್ಕೂ ಕಾರಣ ಬಹುಪಾಲು ಹದವೇ. ಈಗಿನ ಅಗ್ಗದ ಮಚ್ಚು ಎಷ್ಟೋ ಸಲ ಮೆದು ತಗಡನ್ನು ಕತ್ತರಿಸಿ ಸಾಣೆ ಹಿಡಿದದ್ದು, ಅದಕ್ಕೆ ನೀರೂ ಕುಡಿಸಿರುವುದಿಲ್ಲ.

ಈಗ ಹುಣಸೆಹಣ್ಣಿನ ಮಾತು. ಹುಣಸೆಯ ಹುಳಿಯೂ ಒಂದು ಆಮ್ಲ, ಮೆಲ್ಲಗೆ ಕೆಲಸ ಮಾಡುವ ನೈಟಲ್ ಇದ್ದಂತೆ. ಪ್ರತಿ ವರ್ಷ ಬೂದಿ, ಇಟ್ಟಿಗೆಪುಡಿ ಸೇರಿಸಿ ಉಜ್ಜಿದಾಗ ಒಂದೊಂದು ಪದರ ಹೋಗುತ್ತದೆ, ಅದರ ಜೊತೆ ಅಲಗಿನ ಮೇಲಿನ ಗುರುತುಗಳೂ ಹೋಗುತ್ತವೆ. ಮರಳುಕಾಗದ, ಸಾಣೆಚಕ್ರ ಬೇಡವೇ ಬೇಡ. ಮೆದು ಬಟ್ಟೆಯಲ್ಲಿ ಧೂಳು ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ಕುಂಕುಮ ಇಟ್ಟರೆ ಪೂಜೆ ಮುಗಿದ ಮೇಲೆ ಒರೆಸಿಬಿಡಿ. ಅದು ತೇವ ಹಿಡಿದರೆ ಅಡಿಯಲ್ಲಿ ತುಕ್ಕು ಕೂರುತ್ತದೆ.

ಆಯುಧಪೂಜೆಯ ಬೆಳಗ್ಗೆ ಮಚ್ಚನ್ನು ಎಳೆಬಿಸಿಲಿಗೆ ಓರೆಯಾಗಿ ಹಿಡಿದು, ಬಾಯಿಂದ ಒಂದು ಬೆರಳಿನಷ್ಟು ಮೇಲೆ ನೋಡಿ. ಮಂಕಾದ ಬಣ್ಣವೂ ಹೊಳಪಿನ ಬಣ್ಣವೂ ಕೂಡುವ ಅಂಕುಡೊಂಕು ಗೆರೆಯೊಂದು ಅಲಗಿನುದ್ದಕ್ಕೂ ಓಡಿದ್ದರೆ, ಅದು ಉಕ್ಕು ಹಾಕಿದ ಬೆಸುಗೆ ಇರಬಹುದು, ಇಲ್ಲವೇ ಹದದ ಗಡಿ ಇರಬಹುದು. ನಿಮ್ಮ ಕಡೆ ಕುಲುಮೆಯ ಮುಂದೆ ಇನ್ನೂ ಕೂರುವ ಹಿರಿಯ ಆಚಾರಿಗಳಿದ್ದರೆ, ಕಾಲೇಜಿಗೆ ಹೋಗುವ ಮೊದಲು ಮಚ್ಚನ್ನು ಅವರ ಕೈಗೆ ಕೊಡಿ. ಅವರು ತೂಗಿ ನೋಡುತ್ತಾರೆ, ಬೆನ್ನಿನ ಮೇಲೆ ಉಗುರಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಅರದ ಮೂಲೆಯನ್ನು ಬಾಯಿಗೆ ಮೆಲ್ಲಗೆ ತಾಗಿಸುತ್ತಾರೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರಯೋಗಾಲಯಕ್ಕೆ ಹೋಗುವಾಗ ಮಚ್ಚಿನ ಜೊತೆ ಆ ಚೀಟಿಯನ್ನೂ ಒಯ್ಯಿರಿ.